‘ಅದು ನಮ್ಮದಲ್ಲ’ ಎಂಬ ಉತ್ತರ: 2008ರ ಪ್ರತಿಕ್ರಿಯೆಗಳ ಒಂದು ವಿಮರ್ಶೆ

2008ರ ಸೆಪ್ಟೆಂಬರ್ 14, ಭಾನುವಾರ, ಪವಿತ್ರ ಶಿಲುಬೆಯ ಹಬ್ಬ. ಅಂದು ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೆ ಗುಂಪೊಂದು ನುಗ್ಗಿ ಶಿಲುಬೆಯನ್ನು ಮುರಿದು, ಪರಮಪ್ರಸಾದದ ಪೆಟ್ಟಿಗೆಯನ್ನು ಒಡೆಯಿತು. ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳ ಪ್ರಾರ್ಥನಾಲಯಗಳ ಮೇಲೂ ದಾಳಿಗಳಾದವು. ಬಜರಂಗದಳದ ಅಂದಿನ ರಾಜ್ಯ ಸಂಚಾಲಕ ಮಹೇಂದ್ರ ಕುಮಾರ್ ದಾಳಿಗಳನ್ನು ಬಹಿರಂಗವಾಗಿ ಸಮರ್ಥಿಸಿಕೊಂಡು ಬಂಧನಕ್ಕೊಳಗಾದರು. ಕೊಟ್ಟ ಕಾರಣಗಳು ಎರಡು: ಬಲವಂತದ ಮತಾಂತರ, ಮತ್ತು ‘ಸತ್ಯದರ್ಶಿನಿ’ ಎಂಬ ಕಿರುಪುಸ್ತಕ. ನ್ಯೂ ಲೈಫ್ ಸಂಘಟನೆಯವರು ಹಂಚಿದರೆಂದು ಆರೋಪಿಸಲಾದ ಆ ಪುಸ್ತಕವು ಪುರಾಣಕಥೆಗಳನ್ನು ಹಿಡಿದು ಹಿಂದೂ ದೇವತೆಗಳ ಶೀಲವನ್ನು ಹಳಿಯುತ್ತದೆ ಎಂಬುದು ದೂರು.

ಈ ಲೇಖನದ ವಿಷಯ ಆ ಪುಸ್ತಕಕ್ಕಿಂತ ಹೆಚ್ಚಾಗಿ ಅದಕ್ಕೆ ಬಂದ ಪ್ರತಿಕ್ರಿಯೆಗಳು. ಮಠದ ಆ ಸನ್ಯಾಸಿನಿಯರು ಹೊರಲೋಕದಿಂದ ದೂರವಿದ್ದು ಆರಾಧನೆಗೆ ಬದುಕನ್ನು ಮುಡಿಪಿಟ್ಟವರು. ಯಾವ ಮನೆಯ ಬಾಗಿಲಿಗೂ ಹೋಗಿ ಯಾವ ಪುಸ್ತಕವನ್ನೂ ಹಂಚಿದವರಲ್ಲ. ಬರೆದವರು ಒಬ್ಬರು, ಏಟು ತಿಂದವರು ಇನ್ನೊಬ್ಬರು. ಅಪೊಸ್ತಲರ ಕೃತ್ಯಗಳ ಹತ್ತೊಂಬತ್ತನೆಯ ಅಧ್ಯಾಯದ ಎಫೆಸ ಪಟ್ಟಣದ ಗಲಭೆ ಇಲ್ಲಿ ನೆನಪಾಗದೆ ಇರದು. ನೆರೆದವರಲ್ಲಿ ಹೆಚ್ಚಿನವರಿಗೆ ತಾವೇಕೆ ಕೂಡಿಬಂದೆವೆಂಬುದೇ ಗೊತ್ತಿರಲಿಲ್ಲವೆಂದು ಲೂಕನು ತುಸು ವ್ಯಂಗ್ಯವಾಗಿಯೇ ದಾಖಲಿಸುತ್ತಾನೆ. ಕರಾವಳಿಯ ಆ ಗುಂಪುಗಳಲ್ಲಿ ಪುಸ್ತಕವನ್ನು ತೆರೆದು ನೋಡಿದವರು ಎಷ್ಟು ಮಂದಿ ಇದ್ದಿರಬಹುದು?

ಸಭೆಗಳ ಕಡೆಯಿಂದ ಬಂದ ಮೊದಲ ಉತ್ತರ ಚಿಕ್ಕದು: ಅದು ನಮ್ಮದಲ್ಲ. ನ್ಯೂ ಲೈಫ್‌ಗೂ ತನಗೂ ಸಂಬಂಧವಿಲ್ಲವೆಂದು ಕಥೋಲಿಕ ಧರ್ಮಪ್ರಾಂತ ಸ್ಪಷ್ಟಪಡಿಸಿತು. ಮಾತು ನಿಜ. ಜನ ಹಲ್ಲೆಗೊಳಗಾಗಿರುವಾಗ ಅದನ್ನು ಹೇಳುವ ಅಗತ್ಯವೂ ಇತ್ತು. ಆದರೆ ಅದು ಆಡಳಿತದ ಉತ್ತರ, ದೈವಶಾಸ್ತ್ರದ ಉತ್ತರವಲ್ಲ. ಪುಸ್ತಕ ಯಾರದೆಂಬ ಪ್ರಶ್ನೆಯನ್ನು ಅದು ತೀರಿಸುತ್ತದೆ. ಪರರ ದೇವರನ್ನು ಕುರಿತು ಹಾಗೆ ಬರೆಯಬಹುದೇ ಎಂಬುದನ್ನು ಮುಟ್ಟುವುದಿಲ್ಲ. ಅದರಲ್ಲಿ ಇನ್ನೊಂದು ಅಪಾಯವೂ ಇದೆ. ‘ನಾವಲ್ಲ, ಅವರು’ ಎಂದೊಡನೆ ಆ ‘ಅವರು’ ಪೆಟ್ಟಿಗೆ ಅರ್ಹರೆಂಬ ಧ್ವನಿ, ಹೇಳುವವರು ಬಯಸದಿದ್ದರೂ, ಕೇಳುವವರ ಕಿವಿಗೆ ಬೀಳುತ್ತದೆ. ಸಣ್ಣ ಸಭೆಗಳು ಆಗ ಒಂಟಿಯಾಗುತ್ತವೆ.

ಸಾರ್ವಜನಿಕ ಚರ್ಚೆಯೂ ಪುಸ್ತಕದ ಬಳಿ ನಿಲ್ಲಲಿಲ್ಲ. ಅಕ್ಟೋಬರ್‌ನಲ್ಲಿ ‘ವಿಜಯ ಕರ್ನಾಟಕ’ದಲ್ಲಿ ಎಸ್.ಎಲ್. ಭೈರಪ್ಪನವರ ಲೇಖನ ಪ್ರಕಟವಾದ ಮೇಲೆ ವಾರಗಟ್ಟಲೆ ನಡೆದ ವಾಗ್ವಾದದ ವಸ್ತು ಮತಾಂತರವಾಯಿತು. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗದ ಅಂತಿಮ ವರದಿ 2011ರ ಜನವರಿಯಲ್ಲಿ ಬಂದಾಗ, ಹೊಣೆ ಯಾರದೆಂಬ ವಿಷಯದಲ್ಲಿ ಕ್ರೈಸ್ತ ಸಂಘಟನೆಗಳು ಅದನ್ನು ಒಪ್ಪಲಿಲ್ಲ. ಒಂದು ಬರಹ ಸತ್ಯವೇ, ನ್ಯಾಯವೇ ಎಂಬ ಮೂಲಪ್ರಶ್ನೆ ಈ ಗದ್ದಲದಲ್ಲಿ ಹೂತುಹೋಯಿತು.

ಎರಡು ವರ್ಷ ಮೊದಲಿನ ಇನ್ನೊಂದು ಪ್ರಕರಣವನ್ನು ಪಕ್ಕಕ್ಕಿಟ್ಟು ನೋಡಬಹುದು. 2006ರ ಸೆಪ್ಟೆಂಬರ್ 12ರಂದು ಜರ್ಮನಿಯ ರೇಗೆನ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು, ಬೈಜಾಂಟೈನ್ ಚಕ್ರವರ್ತಿಯೊಬ್ಬ ಇಸ್ಲಾಮನ್ನು ಟೀಕಿಸಿದ ಮಾತನ್ನು ಉಲ್ಲೇಖಿಸಿದರು. ಲೋಕವೇ ಕೆರಳಿತು. ಆ ಮಾತು ತಮ್ಮ ಸ್ವಂತ ಅಭಿಪ್ರಾಯವಲ್ಲವೆಂದು ಅವರು ವಿಷಾದ ಸೂಚಿಸಿದ 17ನೆಯ ತಾರೀಖಿನಂದೇ ಸೊಮಾಲಿಯದ ಮೊಗದಿಶುವಿನಲ್ಲಿ ಸಿಸ್ಟರ್ ಲೆಯೊನೆಲ್ಲಾ ಸ್ಗೋರ್ಬಾತಿ ಗುಂಡಿಗೆ ಬಲಿಯಾದರು. ಅಲ್ಲಿಯೂ ಆಡಿದವರೊಬ್ಬರು, ಪ್ರಾಣ ತೆತ್ತವರು ಮತ್ತೊಬ್ಬರು. ಆದರೆ ಒಂದು ತಿಂಗಳಲ್ಲಿ 38 ಮುಸ್ಲಿಂ ವಿದ್ವಾಂಸರು ಆ ಉಪನ್ಯಾಸವನ್ನು ಓದಿ, ಅದರ ಅಂಶಗಳಿಗೆ ಉತ್ತರವಾಗಿ ಬಹಿರಂಗ ಪತ್ರ ಬರೆದರು. ಮರುವರ್ಷ 138 ವಿದ್ವಾಂಸರು ದೇವಪ್ರೀತಿ ಮತ್ತು ನೆರೆಯವರ ಪ್ರೀತಿಯನ್ನು ಆಧಾರವಾಗಿಟ್ಟು ಕ್ರೈಸ್ತಸಭೆಗಳನ್ನು ಸಂವಾದಕ್ಕೆ ಕರೆದರು. ನೊಂದವರೇ ಗ್ರಂಥವನ್ನು ಕೈಗೆತ್ತಿಕೊಂಡು ಓದಿದ ಆ ಬಗೆಯ ಪ್ರತಿಕ್ರಿಯೆ ನಮ್ಮಲ್ಲಿ ಯಾವ ಪಕ್ಷದಿಂದಲೂ ಮುಂಚೂಣಿಗೆ ಬರಲಿಲ್ಲ.

ಪೆಟ್ಟು ತಿನ್ನುತ್ತಿರುವಾಗ ಪುಸ್ತಕವನ್ನು ಖಂಡಿಸಿದರೆ ಹೊಡೆಯುವವನ ಕೈಗೆ ನೆಪ ಕೊಟ್ಟಂತಾಗದೇ ಎಂದು ಕೇಳಬಹುದು. ಆಕ್ಷೇಪ ತೂಕದ್ದೇ. ಆ ವಾರದ ಮೌನವನ್ನು ನಾನು ದೂರುವುದಿಲ್ಲ. ಆದರೆ ಹಿಂಸೆ ಅನ್ಯಾಯವೆಂಬ ಮಾತಿಗೆ ಬರಹ ಒಳ್ಳೆಯದಾಗಿರಬೇಕೆಂಬ ಷರತ್ತಿಲ್ಲ. ಬರಹ ಕೆಟ್ಟದ್ದಾಗಿದ್ದರೂ ದೂರಿಗೆ ನ್ಯಾಯಾಲಯವಿದೆ, ದಂಡಸಂಹಿತೆಯಲ್ಲಿ 295ಎ ಕಲಮು ಇತ್ತು. ಎಫೆಸದ ನಗರಾಧಿಕಾರಿ ಗುಂಪಿಗೆ ಹೇಳಿದ್ದೂ ಇದನ್ನೇ. ಅವನು ಅದಕ್ಕೂ ಮೊದಲು ಹೇಳಿದ್ದನ್ನು ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ದಾಟಿಹೋಗುತ್ತವೆ: ಈ ಮನುಷ್ಯರು ದೇವಾಲಯವನ್ನು ದೋಚಿದವರೂ ಅಲ್ಲ, ನಮ್ಮ ದೇವಿಯನ್ನು ದೂಷಿಸಿದವರೂ ಅಲ್ಲ ಎಂದು ಅವನು ಸಾಕ್ಷಿ ಕೊಡುತ್ತಾನೆ. ಕೈಯಿಂದ ಮಾಡಿದವು ದೇವರುಗಳಲ್ಲವೆಂದು ಪೌಲನು ಬೋಧಿಸುತ್ತಿದ್ದನೆಂಬುದು ದೇಮೇತ್ರಿಯನ ದೂರು. ಆ ಬೋಧನೆ ಪಟ್ಟಣವನ್ನು ಅಲ್ಲಾಡಿಸಿತ್ತು. ಆದರೂ ಅರ್ತೆಮೀದೇವಿಯ ನಿಂದೆಯೆಂದು ಹಿಡಿದು ತೋರಿಸಬಹುದಾದ ಮಾತು ಅಧಿಕಾರಿಗೆ ಸಿಗಲಿಲ್ಲ. ಸುವಾರ್ತೆಗೂ ನಿಂದೆಗೂ ನಡುವಿನ ಗೆರೆಯನ್ನು ಇಲ್ಲಿ ಗುರುತಿಸಿದವನು ಅಪೊಸ್ತಲನಲ್ಲ, ಒಬ್ಬ ಅನ್ಯಜನ ಅಧಿಕಾರಿ.

ಪುರಾಣವನ್ನು ಅಕ್ಷರಶಃ ಓದಿ ದೇವತೆಗಳ ಶೀಲ ಪರೀಕ್ಷಿಸುವ ವಾದಕ್ಕೆ ಒಳಗಿನದೇ ದೋಷವೊಂದಿದೆ. ಪರಮಗೀತವನ್ನು ಕ್ರಿಸ್ತನ ಮತ್ತು ಸಭೆಯ ಪ್ರೇಮವೆಂದು ಅರ್ಥೈಸುವ, ಲೋಟನ ಹೆಣ್ಣುಮಕ್ಕಳ ಕಥೆಯನ್ನು ಸಂದರ್ಭವಿಟ್ಟು ವಿವರಿಸುವ ಬೋಧಕನು ನೆರೆಯವರ ಗ್ರಂಥಕ್ಕೆ ಮಾತ್ರ ಬೇರೆ ಅಳತೆಗೋಲು ಹಿಡಿದರೆ, ಅದು ಸುಳ್ಳುಸಾಕ್ಷಿಯ ಆಜ್ಞೆಗೆ ತಾಗುತ್ತದೆ. ಹಳೆಯ ಮಿಷನರಿಗಳೂ ಈ ಇಕ್ಕಟ್ಟನ್ನು ಕಂಡವರೇ. ಹಿಂದೂ ಆಚಾರಗಳನ್ನು ಖಂಡಿಸುವ ಕರಪತ್ರಗಳು ಬಾಸೆಲ್ ಮಿಷನ್ನಿನಿಂದ ಹೊರಬಂದದ್ದುಂಟು. ಅದೇ ಮಿಷನ್ನಿನ ಹೆರ್ಮನ್ ಮೊಗ್ಲಿಂಗರು 1850ರ ಸುಮಾರಿಗೆ ಹರಿದಾಸರ ಪದಗಳನ್ನು ಸಂಗ್ರಹಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಮತಾಂತರದ ಬಯಕೆಯನ್ನು ಅವರು ಬಿಟ್ಟಿರಲಿಲ್ಲ. ಇಂದು ಕನ್ನಡ ಓದುಗರು ಕೃತಜ್ಞತೆಯಿಂದ ನೆನೆಯುವುದು ಯಾವುದನ್ನೆಂದು ಹೇಳಬೇಕಾಗಿಲ್ಲ.

ಅಫಜಲಪುರ, ಆಳಂದ, ಜೇವರ್ಗಿ ಭಾಗದ ಸಭಾಪಾಲಕರಿಗೆ ಇದು ದೂರದ ಕರಾವಳಿಯ ಕಥೆಯಲ್ಲ. ಗೊಬ್ಬೂರಿನಂಥ ಊರಿನ ಕ್ರೈಸ್ತನ ನೆರೆಯವರು ಗಾಣಗಾಪುರದ ದತ್ತನಿಗೆ ನಡೆದುಕೊಳ್ಳುವವರು, ಆಳಂದದ ಲಾಡ್ಲೆ ಮಶಾಯಕರ ದರ್ಗಾಕ್ಕೆ ಹೋಗುವವರು, ಶರಣಬಸವೇಶ್ವರರ ಜಾತ್ರೆಗೆ ಹೋಗುವವರು. ಎಲ್ಲೋ ಅಚ್ಚಾದ ಒಂದು ಕಿರುಪುಸ್ತಕ, ಯಾರೋ ದೊಡ್ಡ ವೇದಿಕೆಯಲ್ಲಿ ಆಡಿದ ಒಂದು ಮಾತು ಅಲ್ಲಿಗೆ ಬಂದು ಮುಟ್ಟಿದ ದಿನ, ಬಾವಿಕಟ್ಟೆಯಲ್ಲೂ ಹೊಲದ ಬದುವಿನಲ್ಲೂ ಅದಕ್ಕೆ ಉತ್ತರ ಕೊಡಬೇಕಾದವರು ಆ ಹತ್ತಾರು ಮನೆಗಳವರೇ. ‘ಅದು ನಮ್ಮದಲ್ಲ’ ಎಂದರೆ ನೆರೆಯವನು ಒಪ್ಪಬಹುದು. ಆಮೇಲೆ ಅವನು ಕೇಳುವುದು ಇನ್ನೊಂದು: ನಿಮಗೆ ಅದು ಸರಿ ಅನ್ನಿಸ್ತದೇನ್ರಿ?