ಮಂಗಳೂರಿನ ವಿಮೋಚನಪತ್ರವೂ ಕಥೆಗಾರರ ಊಹೆಯೂ

ಕ್ರಿ. ಶ. 1132ನೆಯ ವರ್ಷದ ಅಕ್ಟೋಬರ್ 17ರಂದು ಅಬ್ರಹಾಂ ಬೆನ್ ಯಿಜುವೆಂಬ ಯೆಹೂದ್ಯ ವರ್ತಕನು ಮಂಗಳೂರಿನಲ್ಲಿ ಅಶುವೆಂಬ ದಾಸಿಯನ್ನು ಪತ್ರಮುಖೇನ ದಾಸ್ಯದಿಂದ ಬಿಡಿಸಿದನು. ಟ್ಯುನೀಸಿಯದ ಮಹ್ದಿಯಾ ಪಟ್ಟಣದಿಂದ ಬಂದ ಈತನು ವ್ಯಾಪಾರಿ ಮಾತ್ರನಲ್ಲ. ಹೀಬ್ರೂ ಪದ್ಯಗಳನ್ನು ರಚಿಸಿದವನು, ಸ್ವಮತದ ಧರ್ಮಶಾಸ್ತ್ರವನ್ನು ಬಲ್ಲವನು. ದೇವನಾಮವಿರಬಹುದಾದ ಬರೆಹವನ್ನು ನಾಶಗೊಳಿಸಬಾರದೆಂಬ ಯೆಹೂದ್ಯರ ಶ್ರದ್ಧೆಯಿಂದ ಈತನ ಓಲೆಗಳು ಹಳೆಯ ಕೈರೋವಿನ ಪ್ರಾರ್ಥನಾಮಂದಿರದಲ್ಲಿ ಉಳಿದುಬಂದುವು. ಅವನ್ನು ಓದಿ ವಿವರಿಸಿದ ಯಶಸ್ಸು ಎಸ್. ಡಿ. ಗೊಯ್ಟೈನರದು, ಕಥನವಾಗಿಸಿದ ಯಶಸ್ಸು 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' (1992) ಎಂಬ ಗ್ರಂಥವನ್ನು ಬರೆದ ಅಮಿತಾವ ಘೋಷರದು.

ಘೋಷರು ಈ ಪತ್ರದ ಹಿಂದೆ ಪ್ರೇಮವನ್ನು ಕಾಣುತ್ತಾರೆ. ಸ್ವಜನರ ಕನ್ಯೆಯನ್ನು ಸುಲಭವಾಗಿ ಪಡೆಯಬಹುದಾಗಿದ್ದ ಧನಿಕನು ದಾಸಿಯನ್ನು ವರಿಸಿದುದಕ್ಕೆ ಬೇರೆ ಕಾರಣ ತೋರದೆಂಬುದು ಅವರ ಯುಕ್ತಿ. ನಿಶ್ಚಿತಪ್ರಮಾಣವಿಲ್ಲವೆಂದು ಅವರೇ ಒಪ್ಪಿರುವುದು ಶ್ಲಾಘ್ಯವಾದುದು. ಆದರೂ ಪತ್ರದ ಸ್ವರೂಪವೇ ಇಲ್ಲಿ ಮೊದಲು ವಿಚಾರಣೀಯ.

ಯೆಹೂದ್ಯಶಾಸ್ತ್ರದಂತೆ ದಾಸಿಯೊಡನೆ ವಿವಾಹವು ಸಿದ್ಧಿಸದು. ಆಕೆಯ ಮಕ್ಕಳು ತಾಯಿಯ ಸ್ಥಿತಿಯನ್ನೇ ಹೊಂದುವರು. ಆದುದರಿಂದ ವಿಮೋಚನವು ವಿವಾಹಕ್ಕೂ ಸಂತತಿಯ ಯೋಗ್ಯತೆಗೂ ಅಡಿಗಲ್ಲು. ನಾರದಸ್ಮೃತಿಯ ವಿಧಿಯಲ್ಲಿ ಒಡೆಯನು ದಾಸನ ಹೆಗಲಮೇಲಣ ಕೊಡವನ್ನು ಒಡೆದು, ಅಕ್ಷತೆ ಹೂಗಳೊಡನೆ ನೀರನ್ನು ತಲೆಗೆ ತಳಿದು, 'ಅದಾಸ'ನೆಂದು ಮೂರು ಸಲ ಸಾರಬೇಕು. ಇಲ್ಲಿ ಕ್ರಿಯೆಯೂ ವಾಕ್ಕೂ ಪ್ರಧಾನ. ಅಲ್ಲಿ ಲೇಖವು ಪ್ರಧಾನ. ಅಶುವಿನ ಹೆಸರು ನಮಗೆ ತಿಳಿದುದು ಆ ಲೇಖದಿಂದಲೇ.

ಅದರ ಫಲವು 1156ರಲ್ಲಿ ಕಾಣುತ್ತದೆ. ಅಶುವಿನ ಮಗಳೆಂದು ವಿದ್ವಾಂಸರು ಎಣಿಸುವ ಸಿತ್ತ್ ಅಲ್-ದಾರಳಿಗೂ ಬೆನ್ ಯಿಜುವಿನ ಸೋದರನ ಮಗನಿಗೂ ಆ ವರ್ಷ ಈಜಿಪ್ತಿನ ಫುಸ್ತಾತಿನಲ್ಲಿ ವಿವಾಹವಾಯಿತು. ಏಡನ್ನಿನ ವರ್ತಕನೊಬ್ಬನು ತನ್ನ ಮಗನಿಗೆ ಕನ್ಯೆಯನ್ನು ಕೇಳಿದ್ದರೂ ತಂದೆಯು ಒಪ್ಪಿರಲಿಲ್ಲ. ಸೋದರಮಾವನ ಮಗನನ್ನು ವರನೆಂದೂ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳನ್ನು ಒಡಹುಟ್ಟಿದವರೆಂದೂ ತಿಳಿಯುವ ಕನ್ನಡಿಗರಿಗೆ ಈ ಸಂಬಂಧವು ವಿಪರೀತವಾಗಿ ತೋರಬಹುದು. ಯೆಹೂದ್ಯನಿಗೆ ಅದು ವಂಶರಕ್ಷಣೆ. ಮಂಗಳೂರಿನ ಪತ್ರವಿಲ್ಲದಿದ್ದರೆ ಫುಸ್ತಾತಿನ ಲಗ್ನಕ್ಕೆ ಆಧಾರವಿರುತ್ತಿರಲಿಲ್ಲ.

ಬೆನ್ ಯಿಜುವಿನ ಆಳಿನ ಹೆಸರನ್ನು ನಿರ್ಣಯಿಸುವಲ್ಲಿ ಘೋಷರು ಬಿ. ಎ. ವಿವೇಕ ರೈಗಳಂಥ ತುಳುಪಂಡಿತರನ್ನು ಕೇಳಿ, ಅಕ್ಷರವನ್ನೂ ದೇಶಾಚಾರವನ್ನೂ ಶೋಧಿಸಿ, 'ಬೊಮ್ಮ'ನೆಂದು ಸ್ಥಾಪಿಸಿದರು. ಆ ಎಚ್ಚರಿಕೆಯು ಅಶುವಿನ ವಿಷಯದಲ್ಲಿ ಸಡಿಲವಾಗಿದೆ. ಏಡನ್ನಿನ ಮಿತ್ರರ ಓಲೆಗಳಲ್ಲಿ ಮಕ್ಕಳಿಗೆ ಹಾರೈಕೆಯುಂಟು, ತಾಯಿಯ ಹೆಸರಿಲ್ಲವೆಂಬುದನ್ನು ಅವರೇ ಗಮನಿಸಿದ್ದಾರೆ. ಆ ಮೌನವನ್ನು ಪ್ರೇಮದಿಂದ ತುಂಬಿದರೆ ವರಿಸಿದವನ ಹೃದಯವು ಕಂಡೀತು. ಆಕೆಯ ಸಮ್ಮತಿಯೇನೆಂಬ ಪ್ರಶ್ನೆಯು ಏಳದೆಯೇ ಅಡಗೀತು. ಮೌನವನ್ನು ಮೌನವಾಗಿ ಉಳಿಸುವುದೂ ಕಥನಧರ್ಮವೇ.