ತಳೇಗಾಂವದ ಯುದ್ಧ ಮತ್ತು ‘ಇಷ್ಟೂರ ಫಾಕಡಾ’: ಒಂದು ಐತಿಹ್ಯದ ವಿಮರ್ಶೆ

ಒಂದು ಊರಿನ ಚರಿತ್ರೆಯನ್ನು ಬರೆಯಹೊರಟವರಿಗೆ ಎರಡು ಬಗೆಯ ಸಾಮಗ್ರಿ ದೊರೆಯುತ್ತದೆ: ಕಾಲನಿರ್ದೇಶವುಳ್ಳ ಬರಹ, ಮತ್ತು ಜನರ ಬಾಯಲ್ಲಿ ಉಳಿದುಬಂದ ಮಾತು. ಎರಡನೆಯದನ್ನು ಕೆಲವರು ಹಾಗೆಯೇ ಸ್ವೀಕರಿಸುವರು. ಕೆಲವರು ಕಟ್ಟುಕತೆಯೆಂದು ತಳ್ಳಿಬಿಡುವರು. ಬೆಂಗಳೂರಿನ ಹೆಸರಿನ ವಿಷಯ ಕನ್ನಡಿಗರಿಗೆ ತಿಳಿದುದೇ ಆಗಿದೆ. ಹೊಯ್ಸಳ ಎರಡನೆಯ ವೀರಬಲ್ಲಾಳನಿಗೆ (1173–1220) ಮುದುಕಿಯೊಬ್ಬಳು ಬೆಂದ ಕಾಳು ನೀಡಿದುದರಿಂದ ಆ ಹೆಸರು ಬಂದಿತೆಂಬ ಕತೆಯನ್ನು ಬೇಗೂರಿನ ಶಾಸನವು ನಿಲ್ಲಗೊಡದು, ಕ್ರಿ.ಶ. 890ರ ಸುಮಾರಿನ ಆ ಶಾಸನದಲ್ಲಿಯೇ ‘ಬೆಂಗುಳೂರು’ ಇದೆ. ಅಲ್ಲಿ ಬರಹವು ಐತಿಹ್ಯವನ್ನು ಅಳಿಸಿತು. ಎಲ್ಲ ಕಡೆಯಲ್ಲಿಯೂ ಹೀಗೆಯೇ ಆಗುವುದಿಲ್ಲವೆಂಬುದಕ್ಕೆ ಪುಣೆ ಜಿಲ್ಲೆಯ ತಳೇಗಾಂವ ದಾಭಾಡೆಯ ಪರಿಸರವು ಒಳ್ಳೆಯ ನಿದರ್ಶನ.

ಮರಾಠರ ಸೇನಾಪತಿ ದಾಭಾಡೆ ಮನೆತನದಿಂದ ಹೆಸರು ಪಡೆದ ಈ ಊರು 1779ರ ಜನವರಿಯಲ್ಲಿ ರಣಭೂಮಿಯಾಯಿತು. ರಘುನಾಥರಾಯನನ್ನು ಪುಣೆಯ ಗಾದಿಗೆ ತರುವ ಉದ್ದೇಶದಿಂದ ಮುಂಬಯಿಯ ಇಂಗ್ಲಿಷರ ದಂಡು ಘಟ್ಟವನ್ನು ಹತ್ತಿ ಬಂದಿತು. 9ರಂದು ತಳೇಗಾಂವವನ್ನು ಮುಟ್ಟಿದಾಗ ಊರು ಹಾಳುಬಿದ್ದಿತ್ತು. 11ರ ರಾತ್ರಿ ಭಾರಿ ಫಿರಂಗಿಗಳನ್ನು ಅಲ್ಲಿನ ಕೆರೆಗೆ ದೂಡಿ ದಂಡು ಹಿಂದೆಗೆಯಿತು. ಪಡುವಣ ದಿಕ್ಕಿನಲ್ಲಿ ಸಮೀಪವೇ ಇರುವ ವಡಗಾಂವದಲ್ಲಿ ಮರಾಠರು ಅದನ್ನು ಮುತ್ತಿದರು; 16ರಂದು ಕರಾರು ಆಯಿತು. ಇಷ್ಟು ಬರಹದಿಂದ ಸಿದ್ಧವಾದ ಸಂಗತಿ.

ಇನ್ನು ಐತಿಹ್ಯ. ಈ ದಂಡಿನಲ್ಲಿದ್ದ ಕ್ಯಾಪ್ಟನ್ ಸ್ಟುವರ್ಟನನ್ನು ಜನರು ‘ಇಷ್ಟೂರ ಫಾಕಡಾ’ ಎಂದು ಕರೆದರು. ‘ಫಾಕಡಾ’ ಎಂದರೆ ಮರಾಠಿಯಲ್ಲಿ ಕೆಚ್ಚೆದೆಯ ವೀರ. ಅವನು ಮರವೇರಿ ಮರಾಠರ ಸೈನ್ಯವನ್ನು ನೋಡುತ್ತಿದ್ದಾಗ ಗುಂಡು ತಗುಲಿತೆಂದು ಹೇಳುವರು. ವಡಗಾಂವದ ಒಂದು ಸಮಾಧಿಯನ್ನು ಅವನದೆಂದು ಪೂಜಿಸುವರು.

ಇದನ್ನು ಬಿಡಿಸಿ ನೋಡಬೇಕು. ಮೊದಲನೆಯದಾಗಿ, ಹೆಸರು. ಸಾತಾರೆಯಲ್ಲಿ ಅಧಿಕಾರಿಯಾಗಿದ್ದ ಗ್ರಾಂಟ್ ಡಫ್ 1826ರಲ್ಲಿ ಪ್ರಕಟಿಸಿದ ಮರಾಠರ ಇತಿಹಾಸದಲ್ಲಿಯೇ ಅದು ಬಂದಿದೆ. ಎಂದರೆ ಯುದ್ಧವನ್ನು ಕಂಡವರು ಇನ್ನೂ ಬದುಕಿರಬಹುದಾದ ಕಾಲದಲ್ಲಿಯೇ ಹೆಸರು ರೂಢವಾಗಿತ್ತು. ಅದರ ರೂಪವೂ ಸಾಕ್ಷಿ ನುಡಿಯುತ್ತದೆ. ‘ಸ್ಕೂಲು’ ನಮ್ಮ ಹಳ್ಳಿಗರ ಬಾಯಲ್ಲಿ ‘ಇಸ್ಕೂಲು’ ಆದಂತೆ ‘ಸ್ಟುವರ್ಟ’ನು ‘ಇಷ್ಟೂರ’ನಾದನು. ಇದು ಪುಸ್ತಕದಿಂದ ಇಳಿದ ಹೆಸರಲ್ಲ, ಕಿವಿಯಿಂದ ಕಿವಿಗೆ ಬಂದದ್ದು. ಆದುದರಿಂದ ಈ ಭಾಗವು ಗಟ್ಟಿಯಾದುದು.

ಎರಡನೆಯದು, ಮರಣ. ಸ್ಟುವರ್ಟನು ಜನವರಿ 4ರಂದು ಕಾರ್ಲೆಯಲ್ಲಿ ಮಡಿದನೆಂಬುದಕ್ಕೆ ಡಫ್‌ನ ಲೇಖನವೇ ಆಧಾರ. ಮರವೇರಿದ ವೃತ್ತಾಂತವು ಕೇಳಿಕೆಯ ಮಾತು; ಅಸಂಭವವಲ್ಲ, ಆದರೆ ಚರಿತ್ರೆಯ ವಾಕ್ಯವಾಗಿ ಬರೆಯತಕ್ಕದ್ದಲ್ಲ.

ಮೂರನೆಯದು, ಸಮಾಧಿ. ಇಲ್ಲಿಯೇ ಹೆಚ್ಚಿನ ಎಚ್ಚರ ಬೇಕು. ಕಾರ್ಲೆಯು ವಡಗಾಂವದಿಂದ ಹಲವು ಮೈಲಿ ಪಶ್ಚಿಮಕ್ಕಿದೆ. ಅವನು ಸತ್ತ ದಿನ ದಂಡು ಇನ್ನೂ ತಳೇಗಾಂವವನ್ನು ಸೇರಿರಲಿಲ್ಲ, ವಡಗಾಂವದ ಮುತ್ತಿಗೆ ವಾರದ ಮೇಲಿನದು. ಪ್ರಸಿದ್ಧವಾದ ಸ್ಥಳವು ಸುತ್ತಲಿನ ಘಟನೆಗಳನ್ನು ತನ್ನೆಡೆಗೆ ಸೆಳೆದುಕೊಳ್ಳುವುದು ಸ್ಥಳಪುರಾಣಗಳ ಸ್ವಭಾವ. ಸೋಲಿನ ಕರಾರು ನಡೆದ ಊರಿಗೆ ಸೋಲದ ವೀರನ ನೆನಪೂ ಬಂದು ಸೇರಿರಬಹುದೆಂದು ಊಹಿಸಬಹುದು. ಅದನ್ನು ‘ಸ್ಟುವರ್ಟನ ಸಮಾಧಿ’ ಎಂದಲ್ಲ, ‘ಸ್ಟುವರ್ಟನದೆಂದು ಜನ ನಂಬಿ ಪೂಜಿಸುವ ಸಮಾಧಿ’ ಎಂದು ಬರೆಯುವುದೇ ಯುಕ್ತ.

ಇಷ್ಟು ಕಳೆದ ಮೇಲೆ ಉಳಿಯುವುದು ಅಲ್ಪವಲ್ಲ. ವೀರಗಲ್ಲನ್ನು ಸಾಮಾನ್ಯವಾಗಿ ತನ್ನವರು ತನ್ನವನಿಗಾಗಿ ನಿಲ್ಲಿಸುವರು. ಇಲ್ಲಿಯಾದರೋ ತಮ್ಮ ನೆಲದ ಮೇಲೆ ದಂಡೆತ್ತಿ ಬಂದವನನ್ನು ಆ ನೆಲದ ಜನರೇ ತಮ್ಮ ನುಡಿಯಲ್ಲಿ ವೀರನೆಂದು ಕರೆದರು. ಕರಾರಿನ ಕಾಗದದಲ್ಲಿ ಈ ಔದಾರ್ಯದ ಸುಳಿವಿಲ್ಲ. ಅದಕ್ಕೆ ಜನವಾಣಿಯೇ ಪ್ರಮಾಣ. ಸ್ಥಳ, ದಿನಗಳ ವಿಷಯದಲ್ಲಿ ಐತಿಹ್ಯವನ್ನು ನಂಬುವುದೂ ತಪ್ಪು, ಜನರ ಮನೋಧರ್ಮದ ವಿಷಯದಲ್ಲಿ ಅದನ್ನು ಅಲ್ಲಗಳೆಯುವುದೂ ತಪ್ಪು. ಊರಿನ ಚರಿತ್ರೆಯಲ್ಲಿ ಎರಡಕ್ಕೂ ಎಡೆಯುಂಟು, ಬೇರೆಬೇರೆ ಪಂಕ್ತಿಗಳಲ್ಲಿ.