ಹುಟ್ಟದ ಲಾಭಕ್ಕೆ ಕಟ್ಟಿದ ಬೆಲೆ

ಗಿರಿನಗರದಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಒಬ್ಬರು ಮನೆ ಕಟ್ಟಿಸುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಮೇಲಿನ ಮಹಡಿ ಬಾಡಿಗೆಗೆ. ಗುತ್ತಿಗೆದಾರ ಕೆಲಸವನ್ನು ಆರು ತಿಂಗಳು ತಡಮಾಡಿದ. ಮಾಲೀಕರಿಗಾದ ನಷ್ಟ ಎಷ್ಟು? ಅದೇ ರಸ್ತೆಯಲ್ಲಿ ಅಂಥದೇ ಮನೆಯ ಬಾಡಿಗೆ ವಿಚಾರಿಸಿ ಆರರಿಂದ ಗುಣಿಸಿದರೆ ಉತ್ತರ ಬರುತ್ತದೆ. ಇಬ್ಬರು ಬೇರೆ ಬೇರೆಯಾಗಿ ವಿಚಾರಿಸಿದರೂ ಹೆಚ್ಚು ವ್ಯತ್ಯಾಸವಾಗದು. ಇದನ್ನು ಅಳತೆ ಎನ್ನಬಹುದು.

ತಡ ಮಾಲೀಕರಿಂದಾದರೆ ಲೆಕ್ಕ ಇಷ್ಟು ಸಲೀಸಲ್ಲ. ಗುತ್ತಿಗೆದಾರ ತನ್ನ ಕಚೇರಿ ಖರ್ಚನ್ನೂ ಬೇರೆಡೆ ಗಳಿಸಬಹುದಾಗಿದ್ದ ಲಾಭವನ್ನೂ ಕೇಳುತ್ತಾನೆ. ಇದಕ್ಕೆ ನಿರ್ಮಾಣ ವ್ಯಾಜ್ಯಗಳ ತಜ್ಞರು ಬಳಸುವ ಒಂದು ಸೂತ್ರದ ಹೆಸರು ಹಡ್ಸನ್ ಸೂತ್ರ: ಟೆಂಡರಿನಲ್ಲಿ ಸೇರಿಸಿದ ಮೇಲ್ಖರ್ಚು ಮತ್ತು ಲಾಭದ ಶೇಕಡಾವಾರು, ಗುತ್ತಿಗೆ ಮೊತ್ತವನ್ನು ಅವಧಿಯಿಂದ ಭಾಗಿಸಿದ ಬೆಲೆ, ತಡವಾದ ಕಾಲ, ಇವು ಮೂರರ ಗುಣಲಬ್ಧ. ಆಯಾಮ ವಿಶ್ಲೇಷಣೆ ಮಾಡಿ ನೋಡಿ, ತಿಂಗಳಿಗೆ ತಿಂಗಳು ಹೋಗಿ ರೂಪಾಯಿ ಉಳಿಯುತ್ತದೆ. ಆದರೆ ಆಯಾಮ ಸರಿಯಾದ ಮಾತ್ರಕ್ಕೆ ಸಮೀಕರಣ ಸತ್ಯವಾಗುವುದಿಲ್ಲವೆಂದು ನಾವು ಪಿಯುಸಿಯಲ್ಲೇ ಕಲಿಸುತ್ತೇವೆ. ಆ ಆರು ತಿಂಗಳು ಅವನಿಗೆ ಬೇರೆ ಕೆಲಸ ಸಿಗುತ್ತಿತ್ತು ಎಂಬ ಊಹೆ ಸೂತ್ರದೊಳಗೇ ಅಡಗಿದೆ. ಮೆಕ್‌ಡರ್ಮಾಟ್ ಮತ್ತು ಬರ್ನ್ ಸ್ಟ್ಯಾಂಡರ್ಡ್ ಮೊಕದ್ದಮೆಯಲ್ಲಿ (2006) ಸುಪ್ರೀಂ ಕೋರ್ಟ್ ಇಂಥ ಸೂತ್ರಗಳ ಬಳಕೆಯನ್ನು ಒಪ್ಪಿತ್ತು. ಬ್ಯಾಟ್ಲಿಬಾಯ್ ಮತ್ತು ಹಿಂದೂಸ್ತಾನ್ ಪೆಟ್ರೋಲಿಯಂ ಪ್ರಕರಣದಲ್ಲಿ (2023) ಸೂತ್ರದ ಹಿಂದಿನ ಊಹೆಗಳಿಗೆ ಪುರಾವೆ ಎಲ್ಲಿ ಎಂದು ಕೇಳಿತು. ಇದು ವಿಜ್ಞಾನದ ಪ್ರಶ್ನೆಯೇ.

ಮನೆಗಾದರೆ ಪಕ್ಕದ ಮನೆಯಿದೆ. ಪಕ್ಕದ ಮನೆಯೇ ಇಲ್ಲದಿದ್ದರೆ? ನಮ್ಮ ಊರಿನದೇ ಆಂಟ್ರಿಕ್ಸ್-ದೇವಾಸ್ ವಿವಾದ ಅಂಥದು. ಇಸ್ರೋದ ವಾಣಿಜ್ಯ ಅಂಗ ಆಂಟ್ರಿಕ್ಸ್. ಬೆಂಗಳೂರಿನ ದೇವಾಸ್ ಮಲ್ಟಿಮೀಡಿಯಾ ಎಂಬ ಕಂಪನಿಯೊಡನೆ ಅದು 2005ರ ಜನವರಿ 28ರಂದು ಒಪ್ಪಂದ ಮಾಡಿಕೊಂಡಿತು. ಎರಡು ಉಪಗ್ರಹಗಳ ಟ್ರಾನ್ಸ್‌ಪಾಂಡರ್ ಸಾಮರ್ಥ್ಯದ ಶೇಕಡ 90 ಭಾಗ, ಎಸ್-ಬ್ಯಾಂಡಿನ 70 ಮೆಗಾಹರ್ಟ್ಸ್, 12 ವರ್ಷದ ಗುತ್ತಿಗೆ. (ಪತ್ರಿಕೆಗಳು ಇದನ್ನು ‘ತರಂಗಾಂತರ’ ಎನ್ನುತ್ತವೆ, ಮೆಗಾಹರ್ಟ್ಸ್ ಎಂದ ಮೇಲೆ ಅದು ಆವೃತ್ತಿಯ ಪಟ್ಟಿ.) 2011ರ ಫೆಬ್ರವರಿಯಲ್ಲಿ ಸರ್ಕಾರ ಒಪ್ಪಂದವನ್ನು ರದ್ದು ಮಾಡಿತು. ಆಗಿನ್ನೂ ಉಪಗ್ರಹ ಹಾರಿರಲಿಲ್ಲ, ಸೇವೆ ಪಡೆದ ಗ್ರಾಹಕನಿರಲಿಲ್ಲ. 2015ರ ಸೆಪ್ಟೆಂಬರಿನಲ್ಲಿ ಅಂತಾರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ ದೇವಾಸ್‌ಗೆ 56.25 ಕೋಟಿ ಡಾಲರ್ ಪರಿಹಾರ ನೀಡಬೇಕೆಂದಿತು.

ಮುಂದೆ ಕಾನೂನಿನ ಹಾದಿ ಬೇರೆಯಾಯಿತು. ಕಂಪನಿ ವಂಚನೆಯ ಮೇಲೆ ನಿಂತಿತ್ತೆಂದು 2022ರ ಜನವರಿ 17ರಂದು ಸುಪ್ರೀಂ ಕೋರ್ಟ್ ಅದರ ಸಮಾಪನೆಯನ್ನು ಎತ್ತಿಹಿಡಿಯಿತು. ಅದೇ ಆಗಸ್ಟಿನಲ್ಲಿ ದೆಹಲಿ ಹೈಕೋರ್ಟ್ ಪರಿಹಾರದ ತೀರ್ಪನ್ನೇ ರದ್ದುಪಡಿಸಿತು. ಯಾರದು ಸರಿ ಯಾರದು ತಪ್ಪು ಎಂಬುದು ನನ್ನ ವಿಷಯವಲ್ಲ. ನನ್ನ ತಕರಾರು ಅಂಕಿಯ ಮೇಲೆ.

ಇಂಥ ಅಂಕಿ ಹೇಗೆ ಹುಟ್ಟುತ್ತದೆ? ಮುಂದಿನ ವರ್ಷಗಳಲ್ಲಿ ಬರಬಹುದಾದ ಆದಾಯವನ್ನು ಊಹಿಸಿ, ಪ್ರತಿ ವರ್ಷದ್ದನ್ನೂ ಒಂದು ಡಿಸ್ಕೌಂಟ್ ದರದಿಂದ ಇಂದಿನ ಬೆಲೆಗೆ ಇಳಿಸಿ ಕೂಡುವುದು ಪ್ರಚಲಿತ ಕ್ರಮ. ಹತ್ತು ವರ್ಷದ ನಂತರದ 100 ಕೋಟಿ, ಶೇಕಡ 10ರ ದರದಲ್ಲಿ ಇಂದು 38.6 ಕೋಟಿ; ಶೇಕಡ 20ರ ದರದಲ್ಲಿ 16.2 ಕೋಟಿ. ಭೌತವಿಜ್ಞಾನದ ವಿದ್ಯಾರ್ಥಿಗೆ ಇದು ವಿಕಿರಣ ಕ್ಷಯದ ನಿಯಮವೇ: ಮೊದಲನೆಯದರ ಅರ್ಧಾಯು 7.3 ವರ್ಷ, ಎರಡನೆಯದರದು 3.8 ವರ್ಷ. ವ್ಯತ್ಯಾಸವೆಂದರೆ ಕೋಬಾಲ್ಟಿನ ಅರ್ಧಾಯುವನ್ನು ಯಾರು ಅಳೆದರೂ ಒಂದೇ. ಇಲ್ಲಿಯ ಅರ್ಧಾಯುವನ್ನು ತಜ್ಞ ಆರಿಸಿಕೊಳ್ಳುತ್ತಾನೆ. ಆ ತಜ್ಞನಿಗೆ ಶುಲ್ಕ ಕೊಡುವವರು ವ್ಯಾಜ್ಯದ ಒಂದು ಪಕ್ಷದವರು.

ಇನ್ನು ಅಪಾಯದ ಲೆಕ್ಕ. 2010ರಲ್ಲಿ ನಡೆದ ಜಿಎಸ್‌ಎಲ್‌ವಿ ಉಡಾವಣೆಗಳು ಎರಡು, ಏಪ್ರಿಲ್ 15ರದು ಮತ್ತು ಡಿಸೆಂಬರ್ 25ರದು. ಎರಡೂ ವಿಫಲವಾದವು. ಒಪ್ಪಂದ ರದ್ದಾದ ದಿನ ಇದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಜಿಸ್ಯಾಟ್-6 ಹಾರಿದ್ದು 2015ರ ಆಗಸ್ಟ್ 27ರಂದು. 2018ರ ಮಾರ್ಚ್ 29ರಂದು ಹಾರಿದ ಜಿಸ್ಯಾಟ್-6ಎ ಕೆಲವೇ ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. 2018ರ ಸಂಗತಿಯನ್ನು 2011ರ ಬೆಲೆಗೆ ಸೇರಿಸುವುದು ನ್ಯಾಯವಲ್ಲ, ಒಪ್ಪೋಣ. ಆದರೆ ಅಂಥದ್ದು ಆಗಬಹುದಾದ ಸಂಭಾವ್ಯತೆ 2011ರಲ್ಲೂ ಇತ್ತು. ಅದಕ್ಕೆ ಎಷ್ಟು ತೂಕ ಸಿಕ್ಕಿತು ಎಂಬುದು 56.25 ಎಂಬ ಒಂಟಿ ಅಂಕಿಯಲ್ಲಿ ಕಾಣುವುದಿಲ್ಲ. ದಶಮಾಂಶದ ನಂತರ ಎರಡು ಸ್ಥಾನ ಮಾತ್ರ ಧೈರ್ಯವಾಗಿ ನಿಂತಿವೆ!

ಅನಿಶ್ಚಿತತೆ ಎಷ್ಟಿರಬಹುದು? ಅದೃಷ್ಟಕ್ಕೆ ಇದೇ ಕಂಪನಿಯ ವಿದೇಶಿ ಷೇರುದಾರರು ಭಾರತ ಸರ್ಕಾರದ ವಿರುದ್ಧ ಬೇರೆ ಎರಡು ಮಂಡಳಿಗಳಿಗೂ ಹೋಗಿದ್ದರು. 2020ರಲ್ಲಿ ಮಾರಿಷಸ್ ಷೇರುದಾರರಿಗೆ ಸುಮಾರು 11.1 ಕೋಟಿ ಡಾಲರ್ ಪರಿಹಾರ ಬಂತು. ಅವರ ಪಾಲು ಶೇಕಡ 37.5. ರಕ್ಷಣಾ ಅಗತ್ಯಕ್ಕೆ ಮೀಸಲೆಂದು ಸ್ಪೆಕ್ಟ್ರಮಿನ ಶೇಕಡ 60ನ್ನು ಮಂಡಳಿ ಬಿಟ್ಟು, ಉಳಿದ ಶೇಕಡ 40ಕ್ಕೆ ಮಾತ್ರ ಪರಿಹಾರ ಕೊಟ್ಟಿತ್ತು. ಹಿಂದಕ್ಕೆ ಲೆಕ್ಕ ಹಾಕಿದರೆ ಇಡೀ ಕಂಪನಿಯ ಬೆಲೆ 74 ಕೋಟಿ ಡಾಲರ್. ಸುಮಾರು ಶೇಕಡ 20 ಪಾಲಿದ್ದ ಡಾಯ್ಚ ಟೆಲಿಕಾಮ್‌ಗೆ ಸಿಕ್ಕಿದ್ದು 9.33 ಕೋಟಿ ಡಾಲರ್. ಇಡೀ ಕಂಪನಿಗೆ ಸುಮಾರು 47 ಕೋಟಿ. ನನ್ನ ಈ ಹಿಗ್ಗಿಸುವಿಕೆ ಒರಟು ಲೆಕ್ಕ. ಮಂಡಳಿಗಳ ತರ್ಕಗಳೂ ಒಂದೇ ಅಲ್ಲ. ಆದರೂ 47, 56, 74 ಎಂಬ ಮೂರು ಓದುಗಳನ್ನು ಪ್ರಯೋಗಶಾಲೆಯ ವಿದ್ಯಾರ್ಥಿಗೆ ಕೊಟ್ಟರೆ 59 ± 14 ಎಂದು ಬರೆದಾನು. ಆ 14 ಕೋಟಿ ಡಾಲರ್ ಯಾವ ತೀರ್ಪಿನಲ್ಲೂ ಇಲ್ಲ. ತೀರ್ಪಿಗೆ ಬಡ್ಡಿಯುಂಟು, ಹಾಗಾಗಿ ದೋಷಕ್ಕೂ ಬಡ್ಡಿ ಬೆಳೆಯುತ್ತದೆ. 2020ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಜಾರಿಗೆ ಒಪ್ಪಿದಾಗ 56.25 ಸುಮಾರು 129 ಕೋಟಿ ಡಾಲರ್ ಆಗಿತ್ತು.

ಎದುರು ಪಕ್ಷದ ಗಣಿತವೂ ಇದಕ್ಕಿಂತ ಶುದ್ಧವೇನಲ್ಲ. 2011ರಲ್ಲಿ ಈ ಒಪ್ಪಂದದಿಂದ ದೇಶಕ್ಕೆ ಎರಡು ಲಕ್ಷ ಕೋಟಿ ರೂಪಾಯಿ ನಷ್ಟ ಎಂಬ ಸುದ್ದಿ ಹಬ್ಬಿತು. ಪರಿಶೀಲನೆ ಇನ್ನೂ ಪ್ರಾಥಮಿಕ ಹಂತದಲ್ಲಿದೆ ಎಂದು ಮಹಾಲೇಖಪಾಲರ ಕಚೇರಿ ಹೇಳಬೇಕಾಯಿತು. 2010ರ 3ಜಿ ಹರಾಜಿನಲ್ಲಿ ಇಡೀ ದೇಶಕ್ಕೆ 5 ಮೆಗಾಹರ್ಟ್ಸ್ ಜೋಡಿಗೆ ಸುಮಾರು 16,751 ಕೋಟಿ ರೂಪಾಯಿ ಬಂದಿತ್ತು. ಜೋಡಿಯನ್ನು 5 ಎಂದು ಎಣಿಸಿದರೆ 70 ಮೆಗಾಹರ್ಟ್ಸ್‌ಗೆ 2.3 ಲಕ್ಷ ಕೋಟಿ, 10 ಎಂದು ಎಣಿಸಿದರೆ 1.2 ಲಕ್ಷ ಕೋಟಿ. ಅದೂ ನೆಲದ ಗೋಪುರಗಳ ಜಾಲಕ್ಕೆ ಬಂದ ದರ. ಉಪಗ್ರಹಕ್ಕೆ ಅದು ಪಕ್ಕದ ಮನೆಯಲ್ಲ.

ನಮ್ಮ 1996ರ ಮಧ್ಯಸ್ಥಿಕೆ ಕಾಯಿದೆಯ 26ನೇ ಕಲಮು ಮಂಡಳಿಯೇ ತಜ್ಞರನ್ನು ನೇಮಿಸಲು ಅವಕಾಶ ಕೊಟ್ಟಿದೆ. ಹಾಗೆ ನೇಮಕವಾದವರಿಂದಲೂ ಪಕ್ಷಗಳ ತಜ್ಞರಿಂದಲೂ ಮೂರು ವಿಷಯಗಳನ್ನು ಬರವಣಿಗೆಯಲ್ಲಿ ಕೇಳಬಹುದು: ಯಾವ ಊಹೆ ಬದಲಾದರೆ ಅಂಕಿ ಎಷ್ಟು ಬದಲಾಗುತ್ತದೆ, ಡಿಸ್ಕೌಂಟ್ ದರವನ್ನು ಯಾವ ದತ್ತಾಂಶದಿಂದ ಆರಿಸಿದ್ದು, ಕೊನೆಯ ಬೆಲೆಯ ಮೇಲಿನ ಮತ್ತು ಕೆಳಗಿನ ಮಿತಿ ಯಾವುವು. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವ ಹುಡುಗ ದೋಷದ ಮಿತಿ ಬರೆಯದಿದ್ದರೆ ನಾವು ಅಂಕ ಕಳೆಯುತ್ತೇವೆ.